ರಜೆ ಕೊಡುವ ಹೊಣೆ

ಚಳಿ ಹೆಚ್ಚಾದಾಗ ಶಾಲೆಗೆ ರಜೆ ಕೊಡಬೇಕೇ, ಎರಡು ಗಂಟೆ ತಡವಾಗಿ ಆರಂಭಿಸಿದರೆ ಸಾಲದೇ ಎಂದು ಅಮೆರಿಕದ ಪೋಷಕರು ಚಳಿಗಾಲದಲ್ಲಿ ವಾದಿಸುವುದುಂಟು. ಇದನ್ನು ಅತಿಯಾದ ಮುದ್ದೆಂದು ನಗುವವರು 1888ರ ಜನವರಿ 12ರ ವೃತ್ತಾಂತವನ್ನು ಒಮ್ಮೆ ತಿಳಿಯಬೇಕು.

ಅಂದು ನೆಬ್ರಾಸ್ಕ, ಡಕೋಟ ಬಯಲುಗಳಲ್ಲಿ ಬೆಳಗು ಹಿತವಾಗಿತ್ತು. ಅನೇಕ ಮಕ್ಕಳು ದಪ್ಪ ಕೋಟಿಲ್ಲದೆಯೇ ಶಾಲೆಗೆ ಬಂದಿದ್ದರು. ಹಾಡುಹಗಲಲ್ಲೇ ಹಿಮದ ಬಿರುಗಾಳಿ ಹಠಾತ್ತನೆ ಎರಗಿತು. ಕೆಲವು ಅಡಿಗಳಾಚೆ ಏನೂ ಕಾಣದಾಯಿತು. ಸೈನ್ಯದ ಸಿಗ್ನಲ್ ವಿಭಾಗವು ಹವಾಮಾನದ ಮುನ್ಸೂಚನೆ ನೀಡುತ್ತಿದ್ದರೂ, ತಂತಿ ಕಚೇರಿಗೆ ದೂರವಾದ ಒಂಟಿ ಶಾಲೆಗಳಿಗೆ ಅದು ಸಕಾಲಕ್ಕೆ ಮುಟ್ಟುವಂತಿರಲಿಲ್ಲ. ಮಕ್ಕಳನ್ನು ಕಳುಹಿಸುವುದೋ, ಇರಿಸಿಕೊಳ್ಳುವುದೋ? ಆ ತೀರ್ಮಾನವು ಏಕೋಪಾಧ್ಯಾಯ ಶಾಲೆಗಳ ತರುಣ ಶಿಕ್ಷಕರ ಹೆಗಲಿಗೆ ಬಿದ್ದಿತು.

ನೆಬ್ರಾಸ್ಕದ ಮಿನ್ನೀ ಫ್ರೀಮನ್ ಎಂಬ ಶಿಕ್ಷಕಿ, ಶಾಲೆಯ ಛಾವಣಿ ಹಾರಿಹೋದಾಗ ಮಕ್ಕಳನ್ನು ಸಮೀಪದ ರೈತರ ಮನೆಗೆ ಸುರಕ್ಷಿತವಾಗಿ ಕರೆದೊಯ್ದರು. ಅದೇ ಪ್ರಾಂತದ ಲೋಯಿಸ್ ರಾಯ್ಸ್, ಉರುವಲು ತೀರಿದಾಗ ಮೂವರು ಮಕ್ಕಳೊಡನೆ ಹೊರಟು ದಾರಿ ತಪ್ಪಿದರು. ಮೂವರೂ ಅವರ ಮಗ್ಗುಲಲ್ಲೇ ಅಸುನೀಗಿದರು. ಅವರು ತಮ್ಮ ಪಾದಗಳನ್ನು ಕಳೆದುಕೊಂಡರು. ಇಬ್ಬರದೂ ಒಂದೇ ಕಳಕಳಿ. ಫಲ ಮಾತ್ರ ಬೇರೆ. ಆ ಬಿರುಗಾಳಿಗೆ ಬಲಿಯಾದವರು ಸುಮಾರು 235 ಮಂದಿಯೆಂದು ಅಂದಾಜು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅನೇಕರಿದ್ದುದರಿಂದ 'ಶಾಲಾ ಮಕ್ಕಳ ಹಿಮಬಿರುಗಾಳಿ' ಎಂದೇ ಇತಿಹಾಸದಲ್ಲಿ ಅದಕ್ಕೆ ಹೆಸರು.

ಈಗ ಅಲ್ಲಿನ ಶಾಲಾಡಳಿತಗಳು ಸಾಮಾನ್ಯವಾಗಿ ಮಕ್ಕಳು ಮನೆ ಬಿಡುವ ಮೊದಲೇ ನಿರ್ಧಾರವನ್ನು ತಿಳಿಸುತ್ತವೆ. ಆ ದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯರೇ, ಪಾಠ ತಪ್ಪಿತೆಂದೋ ಕಚೇರಿಗೆ ತಡವಾಯಿತೆಂದೋ ನೀವು ವಾದಿಸುವುದು ಸಹಜ. ಆದರೆ ಮಗು ಹೊಸ್ತಿಲು ದಾಟುವ ಮುನ್ನವೇ ಆ ವಾದ ಮುಗಿದಿರಲಿ. ಬಿರುಗಾಳಿಯ ನಡುವೆ ಒಬ್ಬ ಉಪಾಧ್ಯಾಯರಿಗೆ ಬಿಟ್ಟುಬಿಡುವಷ್ಟು ಹಗುರವಾದ ಹೊಣೆ ಅದಲ್ಲ.