ಮಾವನ ಗದ್ದೆ, ಅಳಿಯನ ಕಲಿಕೆ

ನಮ್ಮಲ್ಲಿ ಅನೇಕರು ತುಳುನಾಡಿನಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರು. ಊರಿನ ಪಹಣಿಯಲ್ಲಿ ಇಂದಿಗೂ ಕೆಲವರ ಹೆಸರುಂಟು. ಗದ್ದೆಯ ಕೆಲಸ ಬಲ್ಲ ಮಕ್ಕಳು ಮಾತ್ರ ನಮ್ಮ ಮನೆಗಳಲ್ಲಿಲ್ಲ. ಹಿಂದಿನವರು ಬೇಸಾಯಕ್ಕೆ ಮುಂದಿನವನನ್ನು ಹೇಗೆ ಸಿದ್ಧಗೊಳಿಸುತ್ತಿದ್ದರು?

ಬಂಟ, ಬಿಲ್ಲವ ಮೊದಲಾದ ಸಮಾಜಗಳಲ್ಲಿ ಅಳಿಯಸಂತಾನದ ಕಟ್ಟು ಇತ್ತು. ಭೂತಾಳ ಪಾಂಡ್ಯನು ಇದನ್ನು ಜಾರಿಗೆ ತಂದನೆಂಬುದು ಐತಿಹ್ಯ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದುದರಿಂದ ಯಜಮಾನನ ತರುವಾಯ ಆಡಳಿತ ಬರುತ್ತಿದ್ದುದು ಮಗನಿಗಲ್ಲ, ಸೋದರಳಿಯನಿಗೆ. ಹೀಗಾಗಿ ಕಲಿಸುವ ಹೊಣೆಯೂ ಸೋದರಮಾವನದೇ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಮೂರೂ ಬೆಳೆ ಬರುವುದು ಬೈಲಿನಲ್ಲಿ ಮಾತ್ರ. ಮಳೆ ನಿಂತೊಡನೆ ತೋಡಿಗೆ ಕಟ್ಟ ಕಟ್ಟಬೇಕು, ನೀರನ್ನು ಸರದಿಯಂತೆ ಬಿಡಬೇಕು, ಗೇಣಿ ಲೆಕ್ಕ ಇಡಬೇಕು, ಮನೆಯ ದೈವದ ಕಟ್ಟಳೆ ನಡೆಸಬೇಕು. ಇವೆಲ್ಲ ಮಾವನ ಹಿಂದೆ ಬದುವಿನ ಮೇಲೆ ನಡೆದೇ ತಿಳಿಯಬೇಕಾದ ವಿದ್ಯೆ. ಬಿ.ಎಸ್‌ಸಿ. ಓದಿ ಕೇಂದ್ರ ಸರಕಾರದ ಕಡತ ಬರೆಯುವ ನಮ್ಮಂಥವರಿಗೆ ಯಾವ ಪುಸ್ತಕವೂ ಅದನ್ನು ಕಲಿಸಲಿಲ್ಲ.

ಈ ಪದ್ಧತಿಯಲ್ಲಿ ನೋವೂ ಇತ್ತೆನ್ನದೆ ವಿಧಿಯಿಲ್ಲ. ತಾನು ಬೆವರಿಳಿಸಿದ ಗದ್ದೆಯಲ್ಲಿ ಹೆತ್ತ ಮಕ್ಕಳಿಗೆ ಪಾಲಿಲ್ಲವೆಂದರೆ ಯಾವ ತಂದೆ ಸುಮ್ಮನಿದ್ದಾನು? 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಗಂಡಸಿನ ಪಾಲು ಅವನ ಸ್ವಂತ ಮಕ್ಕಳಿಗೂ ಬರುವಂತಾಯಿತು.

ದೊಡ್ಡ ತಿರುವು ಬಂದುದು 1974ರಲ್ಲಿ. ಆ ವರ್ಷ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು ಒಡೆಯರಾದರು. ನಮ್ಮಲ್ಲಿ ಕೆಲವು ಮನೆಗಳು ಇದನ್ನು ಇನ್ನೂ ಮರೆತಿಲ್ಲ. ಆದರೆ ತಲೆಮಾರುಗಳಿಂದ ಆ ಮಣ್ಣನ್ನು ಉತ್ತವರು ಒಕ್ಕಲುಗಳೇ. ಅವರ ಮಕ್ಕಳು ಕೆಸರಿನಲ್ಲಿ ನಿಂತೇ ಕಲಿತವರು. ನ್ಯಾಯ ಅವರ ಕಡೆಗಿತ್ತೆಂದೇ ನಾವು ಹೇಳುತ್ತೇವೆ. ವಿಚಿತ್ರವೆಂದರೆ, ಆ ಹೊಸ ಒಡೆಯರ ಮಕ್ಕಳಲ್ಲೂ ಬಹಳ ಮಂದಿ ನಮ್ಮ ಹಿಂದೆಯೇ ಮುಂಬಯಿ ಬಸ್ಸು ಹತ್ತಿದರು.

ಯಾರಿಗೆ ಸೇರಬೇಕು ಎಂಬುದನ್ನು ಕಾನೂನುಗಳು ತೀರ್ಮಾನಿಸಿದವು. ಯಾರು ಕಲಿಯಬೇಕು ಎಂಬುದು ಯಾವ ಕಾಯಿದೆಗೂ ಸೇರಿದ ವಿಷಯವಾಗಲಿಲ್ಲ. ಈ ನಡುವೆ ಬೈಲುಗಳು ಎಷ್ಟೋ ಹಡಿಲು ಬಿದ್ದವು, ಕೆಲವು ಅಡಿಕೆ ತೋಟವಾದವು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ತಡೆಯನ್ನು ಕರ್ನಾಟಕ ಸರಕಾರ 2020ರಲ್ಲಿ ತೆಗೆದುಹಾಕಿದ ಮೇಲೆ ಮಾರುವುದೂ ಸುಲಭವಾಗಿದೆ. 2021ರಲ್ಲಿ ಉಡುಪಿಯ ಕಡೆ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿ ಮಾಡುವ ಆಂದೋಲನ ನಡೆಯಿತು. ಗದ್ದೆಯ ಗಡಿ, ನೀರಿನ ದಾರಿ ತೋರಿಸಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ. ಹೆಚ್ಚಿನವರು ಎಪ್ಪತ್ತು ದಾಟಿದವರು.