ಕ್ಷಯನಿಯಂತ್ರಣ: ತುಮಕೂರಿನ ಸಮೀಕ್ಷೆಯಿಂದ ಕೋವಿಡ್ಡಿನವರೆಗೆ

ಮಹಾಮಾರಿಯ ವರ್ಷದಲ್ಲಿ ಕ್ಷಯರೋಗವೂ ತಗ್ಗಿತೆಂದೂ, ಮುಖಗವಸು ಎರಡು ವ್ಯಾಧಿಗಳನ್ನು ಒಟ್ಟಿಗೇ ತಡೆಯಿತೆಂದೂ ಬಲ್ಲವರೇ ಸಭೆಗಳಲ್ಲಿ ನುಡಿಯುವುದನ್ನು ಕೇಳಿದಾಗ, ಈ ಕ್ಷೇತ್ರದಲ್ಲಿ ಬಹುಕಾಲ ದುಡಿದವರಿಗೆ ಮೌನವಾಗಿರುವುದು ಸುಲಭವಲ್ಲ. ಭಾರತದಲ್ಲಿ ದಾಖಲಾದ ಕ್ಷಯರೋಗಿಗಳ ಸಂಖ್ಯೆ 2019ರಲ್ಲಿ ಸುಮಾರು 24 ಲಕ್ಷವಿದ್ದುದು 2020ರಲ್ಲಿ ಸುಮಾರು 18 ಲಕ್ಷಕ್ಕೆ ಇಳಿಯಿತೆಂಬುದೇನೋ ದಿಟ. ಆದರೆ ಸೋಂಕು ತಗುಲಿ ತಿಂಗಳುಗಳೋ ವರ್ಷಗಳೋ ಕಳೆದಮೇಲೆ ತಲೆಯೆತ್ತುವ ವ್ಯಾಧಿಯೊಂದು ಒಂದೇ ವರ್ಷದಲ್ಲಿ ಕಾಲುಭಾಗ ಕರಗಿತೆಂದು ನಂಬುವುದಕ್ಕೆ ವೈದ್ಯಶಾಸ್ತ್ರವನ್ನು ಮರೆತಿರಬೇಕಾಗುತ್ತದೆ. ತಗ್ಗಿದುದು ರೋಗವಲ್ಲ, ರೋಗದ ಪತ್ತೆ; ಅದು ಹೇಗೆಂದು ತಿಳಿಯಲು ಹಿಂದಿನ ಕಥೆಯನ್ನು ನೋಡಬೇಕು.

1882ರಲ್ಲಿ ಕಾಖ್ ಮಹಾಶಯನು ರೋಗಾಣುವನ್ನು ಕಂಡುಹಿಡಿದುದು, ಅನಂತರ ಮದನಪಲ್ಲಿ, ಮೈಸೂರು ಮೊದಲಾದೆಡೆ ಆರೋಗ್ಯಾಲಯಗಳು ಎದ್ದುದು, 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದುದು, ಇವೆಲ್ಲ ಪಠ್ಯಪುಸ್ತಕದ ವಿಷಯಗಳು. ಮನೆಯಲ್ಲಿಯೇ ಔಷಧ ಸೇವಿಸಿದವನು ಆರೋಗ್ಯಾಲಯದಲ್ಲಿ ಮಲಗಿದವನಷ್ಟೇ ಗುಣಹೊಂದುವನೆಂದು 1959ರಲ್ಲಿ ಪ್ರಕಟವಾದ ಮದರಾಸಿನ ಪ್ರಯೋಗವು ತೋರಿಸಿಕೊಟ್ಟಮೇಲೆ ಆರೋಗ್ಯಾಲಯಗಳ ಯುಗ ಮುಗಿಯಿತು.

ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕಾರ್ಯವನ್ನು ಮಾತ್ರ ಸಾವಧಾನವಾಗಿ ನೋಡುವುದು ಉಚಿತ. ರೋಗಿಯು ಅಜ್ಞಾನಿ, ಅವನನ್ನು ಊರೂರಿಗೆ ಹೋಗಿ ಹಿಡಿದುತರಬೇಕು ಎಂಬುದು ಆಗ ಎಲ್ಲರ ಮತವಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಮೀಕ್ಷೆಯೋ, ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿದ್ದಿತೆಂದೂ, ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧದ ಸೀಸೆಯೊಂದನ್ನು ಪಡೆದು ಹಿಂದಿರುಗಿದ್ದರೆಂದೂ ಬಯಲುಮಾಡಿತು. ತಾನಾಗಿ ಬಂದ ಕೆಮ್ಮಿನವನ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಬೇಕೆಂಬ, ಆ ಪ್ರಕಟಣೆಗೂ ಮುನ್ನವೇ ರೂಪುಗೊಂಡ 1962ರ ರಾಷ್ಟ್ರೀಯ ಕಾರ್ಯಕ್ರಮದ ಜೀವಾಳ ಇದೇ ತಿಳಿವಳಿಕೆ. ಕಣ್ಣೆದುರೇ ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ 1997ರಿಂದ ಹಬ್ಬಿ 2006ಕ್ಕೆ ದೇಶವನ್ನೆಲ್ಲ ಆವರಿಸಿತು. ಶಿಸ್ತು ಬಂದಿತು, ರೋಗಿಯ ಮೇಲಿನ ವಿಶ್ವಾಸ ಮಾತ್ರ ಕೊಂಚ ಸವೆಯಿತು.

2020ರ ಮಾರ್ಚ್ 24, ಅಂದರೆ ವಿಶ್ವ ಕ್ಷಯರೋಗ ದಿನದ ಸಂಜೆಯೇ, ಲಾಕ್‌ಡೌನ್ ಘೋಷಿತವಾಯಿತು. ಹೊರರೋಗಿಗಳ ವಿಭಾಗಗಳು ಎಷ್ಟೋ ಕಡೆ ಮುಚ್ಚಿದುವು, ಬಸ್ಸುಗಳು ನಿಂತುವು, ಎದೆರೋಗದ ವಾರ್ಡುಗಳು ಕೋವಿಡ್ ವಾರ್ಡುಗಳಾದುವು. ಕ್ಷಯದ ಪತ್ತೆಗೆ ಬಳಕೆಯಾಗುತ್ತಿದ್ದ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳೂ ಅವುಗಳನ್ನು ನಡೆಸುವ ಲ್ಯಾಬ್ ತಂತ್ರಜ್ಞರೂ ಹೊಸ ವೈರಾಣುವಿನ ಸೇವೆಗೆ ಹೋದರು. ಕೆಮ್ಮುವುದೇ ಅಪರಾಧವೆನಿಸಿದ ಆ ದಿನಗಳಲ್ಲಿ, ತುಮಕೂರಿನ ರೋಗಿ ಅಂದು ತಾನಾಗಿ ಹತ್ತಿದ ಮೆಟ್ಟಿಲನ್ನು ಇಂದಿನ ರೋಗಿ ಹತ್ತಲು ಹೆದರಿದನು. ಸಾಮಾನ್ಯ ಆಸ್ಪತ್ರೆಯನ್ನು ನಂಬಿದ ನೀತಿಯೇ ಕೆಟ್ಟಿತೆಂದು ಕೆಲವರೆನ್ನುವರು. ಕೆಟ್ಟುದು ನೀತಿಯಲ್ಲ, ಒಬ್ಬ ತಂತ್ರಜ್ಞನನ್ನೇ ಎರಡು ರೋಗಗಳಿಗೆ ಹಂಚಬೇಕಾದ ನಮ್ಮ ಬಡತನ. ಚಿಕಿತ್ಸೆಯಲ್ಲಿದ್ದವರಿಗೆ ತಿಂಗಳಿಗಾಗುವಷ್ಟು ಮಾತ್ರೆಗಳನ್ನು ಮನೆಗೇ ಕೊಡಬೇಕಾಗಿ ಬಂದು, ಮದರಾಸಿನ ಹಳೆಯ ಪಾಠವನ್ನು ವ್ಯವಸ್ಥೆಯು ಅನಿವಾರ್ಯವಾಗಿ ಮತ್ತೆ ಕಲಿತದ್ದು ಬೇರೆ ಮಾತು.

ಅದೇ 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದವರು 71 ಲಕ್ಷದಿಂದ 58 ಲಕ್ಷಕ್ಕೆ ಇಳಿದರೆ, ದಶಕಕ್ಕೂ ಮೀರಿ ಇಳಿಯುತ್ತಲೇ ಬಂದಿದ್ದ ಸಾವು ಏರಿತು. 2022ರಲ್ಲಿ ಪತ್ತೆಯಾದವರು 75 ಲಕ್ಷ. ಈ ಏರಿಕೆಯಲ್ಲಿ ತಡವಾಗಿ ಬಂದವರು ಅನೇಕರು. ಅಷ್ಟು ಕಾಲ ಅವರು ಮನೆಮಂದಿಯ ನಡುವೆಯೇ ಕೆಮ್ಮುತ್ತಿದ್ದವರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡಿನಲ್ಲಿ ಇದೇ ವಿಷಮಕಾಲದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಕುಟುಂಬಕ್ಕೆ ಆಹಾರಧಾನ್ಯ ಒದಗಿಸಿದಾಗ ಮನೆಯ ಇತರರಲ್ಲಿ ಕ್ಷಯವು ಶೇ. 39ರಷ್ಟು ತಗ್ಗಿತು. ದುಡಿಮೆ ನಿಂತು ಒಲೆಯಾರಿದ ಮನೆಗಳ ಪಾಲಿಗೆ ಈ ಫಲಿತಾಂಶದ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

2019ರಿಂದ 2021ರವರೆಗೆ, ನಡುವೆ ಕೋವಿಡ್ಡಿನಿಂದ ತಡೆಹಿಡಿದು, ನಡೆದ ರಾಷ್ಟ್ರೀಯ ಸಮೀಕ್ಷೆಯು ಲಕ್ಷಣಗಳಿದ್ದವರಲ್ಲಿ ಶೇ. 64ರಷ್ಟು ಮಂದಿ ವೈದ್ಯರ ಬಳಿಗೆ ಹೋಗಲಿಲ್ಲವೆಂದಿತು. ಕೂಡಲೇ ಉದಾಸೀನದ ಮಾತು ಎದ್ದು, ರೋಗಿಯು ಮತ್ತೆ ಅಜ್ಞಾನಿಯಾದನು. ಹೆಚ್ಚುವರಿ ರೋಗಿಗಳೆಷ್ಟು, ಸಾವುಗಳೆಷ್ಟು ಎಂಬ ಗಣಿತದ ಅಂದಾಜುಗಳು 2020ರಿಂದೀಚೆಗೆ ಸಾಲುಗಟ್ಟಿ ಬಂದಿವೆ. ಆದರೆ ತಡವಾಗಿ ಬಂದವರ ಜಗಲಿಯಲ್ಲಿ ಕುಳಿತು, ಮೊದಲು ಯಾವ ಆಸ್ಪತ್ರೆಗೆ ಹೋದಿರಿ, ಬಾಗಿಲಲ್ಲಿ ಏನೆಂದರು, ಅಲ್ಲಿಂದ ಎಲ್ಲಿಗೆ ಹೋದಿರಿ ಎಂದು ಕೇಳುವ ಕೆಲಸಕ್ಕೆ ಯಂತ್ರ ಬೇಡ, ಬ್ಯಾನರ್ಜಿಯವರು ತುಮಕೂರಿನಲ್ಲಿ ತೋರಿದ ತಾಳ್ಮೆ ಬೇಕು. ಆ ರೋಗಿಗಳ ಹೆಸರೂ ವಿಳಾಸವೂ ಸರ್ಕಾರದ ನಿಕ್ಷಯ್ ದಾಖಲೆಯಲ್ಲಿಯೇ ಇವೆ.