ಗ್ಯಾರೇಜಿನ ಸುರಕ್ಷತೆ, ಪರಿಸರ ನಿಯಮ ಮತ್ತು ಮೆಕ್ಯಾನಿಕ್ ತರಬೇತಿ: ತಿಳಿದಿರಬೇಕಾದ ಸಂಗತಿಗಳು

ವಾಹನ ದುರಸ್ತಿಯು ರಾಜ್ಯದ ಪ್ರತಿಯೊಂದು ಪಟ್ಟಣದಲ್ಲೂ ಬೇರೂರಿರುವ ಕಸುಬು. ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳು ಒಂದೆಡೆಯಾದರೆ, ಬಸ್ ನಿಲ್ದಾಣದ ಹಿಂದೆಯೋ ಹೆದ್ದಾರಿಯ ಬದಿಯಲ್ಲೋ ತಗಡಿನ ಚಾವಣಿಯ ಕೆಳಗೆ ಇಬ್ಬರು ಮೂವರು ಸೇರಿ ನಡೆಸುವ ಗ್ಯಾರೇಜುಗಳು ಇನ್ನೊಂದೆಡೆ. ಎರಡೂ ಕಡೆ ಬಳಕೆಯಾಗುವುದು ಅದೇ ಎಂಜಿನ್ ಆಯಿಲ್, ಅದೇ ಬ್ಯಾಟರಿ ಆಸಿಡ್, ಅದೇ ಬಣ್ಣ, ಅದೇ ಪೆಟ್ರೋಲ್. ಆದರೆ ಅಲ್ಲಿ ದುಡಿಯುವವರಿಗೆ ದೊರೆಯುವ ರಕ್ಷಣೆ ಮಾತ್ರ ಒಂದೇ ತೆರನಾಗಿಲ್ಲ.

ಸಣ್ಣ ಗ್ಯಾರೇಜಿನಲ್ಲಿ ಕಾರ್ಮಿಕ ಸುರಕ್ಷತೆಯ ಕಾನೂನು ಬಹುಮಟ್ಟಿಗೆ ಹೊಸ್ತಿಲಿನಲ್ಲೇ ನಿಲ್ಲುತ್ತದೆ. ಪರಿಸರ ಕಾನೂನು ಒಳಗೆ ಬರುತ್ತದೆಯಾದರೂ ಅದು ನೋಡುವುದು ತ್ಯಾಜ್ಯವನ್ನೇ ಹೊರತು ಕೆಲಸಗಾರನ ದೇಹವನ್ನಲ್ಲ. ಈ ನಡುವಿನ ತೆರವನ್ನು ತುಂಬಬೇಕಾದದ್ದು ತರಬೇತಿ. ಆದ್ದರಿಂದ ನಿಯಮ, ಅಪಾಯ ಹಾಗೂ ತರಬೇತಿ ಈ ಮೂರನ್ನೂ ಒಟ್ಟಾಗಿಯೇ ನೋಡಬೇಕಾಗುತ್ತದೆ.

ಕಾನೂನಿನ ಎರಡು ಅಳತೆಗೋಲು

1948ರ ಕಾರ್ಖಾನೆಗಳ ಕಾಯ್ದೆಯು ‘ಉತ್ಪಾದನಾ ಪ್ರಕ್ರಿಯೆ’ಯ ವ್ಯಾಖ್ಯೆಯಲ್ಲಿ ದುರಸ್ತಿ ಕಾರ್ಯವನ್ನೂ ಸೇರಿಸಿತ್ತು. ವಿದ್ಯುತ್ ಬಳಸುವ ಕಡೆ 10 ಮಂದಿ, ಬಳಸದ ಕಡೆ 20 ಮಂದಿ ಕಾರ್ಮಿಕರಿದ್ದರೆ ಅಂಥ ಗ್ಯಾರೇಜು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಇದರ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರಂತೆ ಕಾರ್ಖಾನೆಯ ಮಿತಿ ಕ್ರಮವಾಗಿ 20 ಮತ್ತು 40ಕ್ಕೆ ಏರಿದೆ. ಸಂಹಿತೆಯ ಸಾಮಾನ್ಯ ನಿಯಮಗಳು 10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯವಾಗುತ್ತವೆ. ಸರ್ಕಾರವು ಅಪಾಯಕಾರಿ ಎಂದು ಅಧಿಸೂಚನೆ ಹೊರಡಿಸಿದ ಕೆಲಸಗಳನ್ನು ಬಿಟ್ಟರೆ, ನಾಲ್ಕೈದು ಜನರ ಗ್ಯಾರೇಜು ಇದರ ವ್ಯಾಪ್ತಿಯಿಂದ ಹೊರಗುಳಿಯುತ್ತದೆ.

ಪರಿಸರ ಕಾನೂನಿನ ಅಳತೆಗೋಲು ಬೇರೆ. ಅದು ತಲೆಗಳನ್ನು ಎಣಿಸುವುದಿಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಹಾಗೂ 1986ರ ಪರಿಸರ ಸಂರಕ್ಷಣಾ ಕಾಯ್ದೆಗಳು ಹೊರಬೀಳುವ ನೀರು, ಹೊಗೆ ಮತ್ತು ತ್ಯಾಜ್ಯವನ್ನು ನೋಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ವಾಹನಗಳ ಸರ್ವಿಸಿಂಗ್, ದುರಸ್ತಿ ಮತ್ತು ಪೇಂಟಿಂಗ್ ಕಿತ್ತಳೆ ವರ್ಗಕ್ಕೆ ಸೇರಿದವು. ರಾಜ್ಯದಲ್ಲಿ ಇದರ ಸಮ್ಮತಿ ಪತ್ರ ನೀಡುವ ಅಧಿಕಾರ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು.

ಕರಿ ಆಯಿಲ್: ಮಾರುವುದು ತಪ್ಪಲ್ಲ, ಯಾರಿಗೆ ಎಂಬುದೇ ಪ್ರಶ್ನೆ

ಎಂಜಿನ್‌ನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಗ್ಯಾರೇಜಿನವರು ವೇಸ್ಟ್ ಆಯಿಲ್ ಅಥವಾ ಕರಿ ಆಯಿಲ್ ಎನ್ನುತ್ತಾರೆ. ಕಾನೂನಿನ ಭಾಷೆಯಲ್ಲಿ ಇದು ‘ಬಳಸಿದ ತೈಲ’. ನಿಗದಿತ ಗುಣಮಟ್ಟದಲ್ಲಿದ್ದರೆ ಇದನ್ನು ಸಂಸ್ಕರಿಸಿ ಮತ್ತೆ ಬಳಸಬಹುದು. ಚೆಲ್ಲಿದ ಎಣ್ಣೆ, ತೊಟ್ಟಿಯ ತಳದ ಗಸಿ ಮುಂತಾದವು ಮಾತ್ರ ‘ತ್ಯಾಜ್ಯ ತೈಲ’. ಸ್ವಚ್ಛವಾದ ಕರಿ ಆಯಿಲ್‌ಗೆ ಬ್ರೇಕ್ ಆಯಿಲ್, ಥಿನ್ನರ್ ಅಥವಾ ನೀರು ಬೆರೆತರೆ ಅದರ ಮೌಲ್ಯವೂ ಕೆಡುತ್ತದೆ, ಸಂಸ್ಕರಣೆಯೂ ಕಷ್ಟವಾಗುತ್ತದೆ. ಪ್ರತ್ಯೇಕ ಡ್ರಮ್ ಇಡಬೇಕೆನ್ನುವುದು ಇದೇ ಕಾರಣಕ್ಕೆ.

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಮೊದಲನೇ ಅನುಸೂಚಿಯಲ್ಲಿ ಬಳಸಿದ ತೈಲಕ್ಕೆ 5.1 ಎಂಬ ಸಂಖ್ಯೆ ಇದೆ. ಎಣ್ಣೆ ಹತ್ತಿದ ಚಿಂದಿ ಬಟ್ಟೆ ಹಾಗೂ ರಾಸಾಯನಿಕ ಅಂಟಿದ ಖಾಲಿ ಡಬ್ಬಿಗಳೂ ಅದೇ ಅನುಸೂಚಿಯಲ್ಲಿವೆ. ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಮಂಡಳಿಯ ಅನುಮತಿ ಪಡೆದ ಸಂಸ್ಕರಣಾ ಘಟಕಕ್ಕೇ ಕೊಡಬೇಕು. ಕೊಟ್ಟದ್ದಕ್ಕೆ ಲೆಕ್ಕ ಇಡಬೇಕು. ಬಳಸಿದ ತೈಲವನ್ನು ಮರಳಿ ಸಂಸ್ಕರಣೆಗೆ ತಲುಪಿಸುವ ಹೊಣೆಯನ್ನು ತೈಲ ತಯಾರಕರ ಮೇಲೂ ಹೊರಿಸುವ ವಿಸ್ತೃತ ಉತ್ಪಾದಕ ಹೊಣೆಗಾರಿಕೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ವಾಸ್ತವದಲ್ಲಿ ಕರಿ ಆಯಿಲ್‌ಗೆ ಬೇರೆ ಗಿರಾಕಿಗಳೂ ಇದ್ದಾರೆ. ಮನೆ ಕಟ್ಟುವವರು ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೊಳ್ಳುತ್ತಾರೆ, ಗೆದ್ದಲು ಬಾರದಿರಲೆಂದು ಮರಕ್ಕೆ ಬಳಿಯುತ್ತಾರೆ, ಒಲೆ ಉರಿಸಲೂ ಬಳಸುತ್ತಾರೆ. ಎಂಜಿನ್‌ನಲ್ಲಿ ಸವೆದ ಲೋಹದ ಕಣಗಳು ಮತ್ತು ಉರಿದ ಇಂಧನದ ಶೇಷ ಈ ಎಣ್ಣೆಯೊಂದಿಗೆ ಮಣ್ಣಿಗೆ, ಹೊಗೆಗೆ, ಮೈಗೆ ಸೇರುತ್ತವೆ. ಒಂದು ಬಾರಿ ಬದಲಾಯಿಸಿದ ಎಂಜಿನ್ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ವಾಟರ್ ಸರ್ವಿಸ್‌ನ ನೀರು

ವಾಹನ ತೊಳೆದ ನೀರಿನಲ್ಲಿ ಮಣ್ಣು, ಗ್ರೀಸ್, ಎಣ್ಣೆ ಮತ್ತು ಸಾಬೂನು ಬೆರೆತಿರುತ್ತವೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಕೆರೆ, ಹೊಳೆಗಳಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಒಳಚರಂಡಿಗಾದರೆ ಮಿತಿ 20 ಮಿಲಿಗ್ರಾಂ. ಇದನ್ನು ಸಾಧಿಸಲು ಮೊದಲ ಹಂತದ ಉಪಾಯ ಸರಳ. ಮೊದಲ ಗುಂಡಿಯಲ್ಲಿ ಮಣ್ಣು ತಂಗುತ್ತದೆ. ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಬಾಗಿದ ಕೊಳವೆಯ ಮೂಲಕ ಅಡಿಯ ನೀರು ಮಾತ್ರ ಮೂರನೆಯದಕ್ಕೆ ಹೋಗುತ್ತದೆ. ತೇಲಿದ ಎಣ್ಣೆಯನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಗುಂಡಿ ಇದ್ದೂ ಇಲ್ಲದಂತೆಯೇ.

ಬ್ಯಾಟರಿ ಮತ್ತು ಟೈರು

ಹಳೆಯ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುತ್ತವೆ. 2001ರ ಬ್ಯಾಟರಿ ನಿಯಮಗಳ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿದ್ದು, ವಿದ್ಯುತ್ ವಾಹನಗಳ ಬ್ಯಾಟರಿಯೂ ಇದರ ವ್ಯಾಪ್ತಿಯಲ್ಲಿದೆ. ಆಸಿಡ್ಡನ್ನು ಚರಂಡಿಗೆ ಸುರಿದು ಸೀಸವನ್ನು ಗುಜರಿಗೆ ಹಾಕುವುದು ಈ ನಿಯಮಗಳಿಗೆ ವಿರುದ್ಧ. ಬ್ಯಾಟರಿಯನ್ನು ಬಿಚ್ಚದೆ, ಇಡಿಯಾಗಿಯೇ ಮರಳಿಸಬೇಕು. ಹಳೆಯ ಟೈರುಗಳಿಗೂ 2022ರಿಂದ ಉತ್ಪಾದಕ ಹೊಣೆಗಾರಿಕೆ ಅನ್ವಯವಾಗಿದೆ.

ಚಾರ್ಜಿಂಗ್ ವೇಳೆ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ 4 ದಾಟಿದರೆ ಒಂದು ಕಿಡಿ ಸಾಕು. ಆದ್ದರಿಂದ ಗಾಳಿಯಾಡುವ ಜಾಗ, ಕನ್ನಡಕ ಮತ್ತು ಹತ್ತಿರದಲ್ಲೇ ನೀರು ಇರಬೇಕು. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ ಎಂಬುದು ಮೆಕ್ಯಾನಿಕ್ ಕಲಿಯಬೇಕಾದ ಮೊದಲ ಪಾಠಗಳಲ್ಲೊಂದು.

ಉಸಿರಿನ ದಾರಿಯಲ್ಲಿ ಬರುವ ಅಪಾಯ

ಗಾಯ ಕಣ್ಣಿಗೆ ಕಾಣುತ್ತದೆ; ಶ್ವಾಸಕೋಶದ ಹಾನಿ ವರ್ಷಗಟ್ಟಲೆ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಅತಿ ಕಡಿಮೆ ಗಮನ ಪಡೆಯುವುದು ಈ ಭಾಗವೇ.

ಬ್ರೇಕ್ ಧೂಳು: ಹಳೆಯ ಬ್ರೇಕ್ ಲೈನಿಂಗ್ ಮತ್ತು ಕ್ಲಚ್ ಪ್ಲೇಟುಗಳಲ್ಲಿ ಅಸ್ಬೆಸ್ಟಾಸ್ ಇರಬಹುದು. ಬಿಳಿ ಅಸ್ಬೆಸ್ಟಾಸ್ ಬಳಕೆಯನ್ನು ದೇಶದಲ್ಲಿ ಸಂಪೂರ್ಣವಾಗಿ ನಿಷೇಧಿಸಿಲ್ಲ. ಡ್ರಮ್ ಬಿಚ್ಚಿ ಏರ್ ಹೊಡೆದರೆ ಅದರ ಸೂಕ್ಷ್ಮ ಎಳೆಗಳು ಇಡೀ ಶೆಡ್ಡಿನಲ್ಲಿ ಹರಡುತ್ತವೆ. ಅಸ್ಬೆಸ್ಟಾಸ್‌ನಿಂದ ಬರುವ ಕ್ಯಾನ್ಸರ್ ದಶಕಗಳ ನಂತರ ಪ್ರಕಟವಾಗಬಲ್ಲದು. ಒದ್ದೆ ಬಟ್ಟೆಯಿಂದ ಒರೆಸುವುದು ಅಥವಾ ನೀರು ಚಿಮುಕಿಸಿ ತೊಳೆಯುವುದೇ ಸರಿಯಾದ ಕ್ರಮ. ಅಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಅದು ಅಸ್ಬೆಸ್ಟಾಸ್ ಕಾರ್ಖಾನೆಗಳನ್ನು ಕುರಿತ ಆದೇಶ. ಅದೇ ಧೂಳನ್ನು ಉಸಿರಾಡುವ ಗ್ಯಾರೇಜಿನ ಹುಡುಗನಿಗೆ ಹಾಜರಿ ಪುಸ್ತಕವೂ ಇರುವುದು ಅಪರೂಪ.

ಬಣ್ಣ: ಕಾರಿನ ಟು-ಪ್ಯಾಕ್ ಬಣ್ಣದ ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಇದರಿಂದ ಆಸ್ತಮಾ ಬರಬಹುದು. ಒಮ್ಮೆ ದೇಹ ಇದಕ್ಕೆ ಪ್ರತಿಕ್ರಿಯಿಸಲು ತೊಡಗಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಪೇಂಟರ್ ಆ ಕಸುಬನ್ನೇ ಬಿಡಬೇಕಾಗಬಹುದು. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಧೂಳಿನ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಕೊಡುವ ಮಾಸ್ಕ್ ಮತ್ತು ಗಾಳಿ ಎಳೆಯುವ ಬೂತ್ ಅಗತ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪೇಂಟಿಂಗ್ ವೃತ್ತಿಯನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಹೊಗೆ: ಅದೇ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನೂ ಮೊದಲ ಗುಂಪಿಗೆ ಸೇರಿಸಿತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದಾಗಲೇ ತಡವಾಗಿರುತ್ತದೆ.

ಕ್ಷಣದಲ್ಲಿ ಪ್ರಾಣ ತೆಗೆಯುವ ತಪ್ಪುಗಳು

ಜಾಕಿ: ವಾಹನವನ್ನು ಎತ್ತುವುದಕ್ಕಷ್ಟೇ ಜಾಕಿ, ಹೊತ್ತು ನಿಲ್ಲಿಸುವುದಕ್ಕಲ್ಲ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟ ನಂತರವೇ ಕೆಳಗೆ ನುಗ್ಗಬೇಕು. ಕಲ್ಲು, ಇಟ್ಟಿಗೆಗಳು ಸ್ಟ್ಯಾಂಡಿಗೆ ಬದಲಿಯಲ್ಲ.

ಲಾರಿ ಚಕ್ರದ ಲಾಕ್ ರಿಂಗ್: ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಕಬ್ಬಿಣದ ಪಂಜರದೊಳಗೆ ಚಕ್ರವನ್ನಿಟ್ಟು, ಉದ್ದನೆಯ ಹೋಸ್‌ನಿಂದ ದೂರ ನಿಂತು ಗಾಳಿ ಹಾಕಬೇಕು.

ಇಂಧನ ಟ್ಯಾಂಕಿನ ವೆಲ್ಡಿಂಗ್: ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸ್ಫೋಟಕ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ ಎಂಬುದನ್ನು ಹೊಸಬರು ನಂಬುವುದು ಕಷ್ಟ.

ಪೆಟ್ರೋಲ್‌ನಲ್ಲಿ ತೊಳೆಯುವುದು: ಬಿಡಿಭಾಗಗಳನ್ನೂ ಕೈಯನ್ನೂ ಪೆಟ್ರೋಲ್‌ನಲ್ಲಿ ತೊಳೆಯುವ ರೂಢಿ ವ್ಯಾಪಕ. ಪೆಟ್ರೋಲ್ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣಾಂಶದಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು.

ಗ್ಯಾಸ್ ಸಿಲಿಂಡರ್: ಕಪ್ಪು ಬಣ್ಣದ್ದು ಆಮ್ಲಜನಕ, ಮರೂನ್ ಬಣ್ಣದ್ದು ಅಸಿಟಿಲೀನ್. ಆಮ್ಲಜನಕದ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ.

ಎಸಿ ಅನಿಲ ಮತ್ತು ಹೊಸ ವಾಹನಗಳು

ಓಜೋನ್ ಪದರಕ್ಕೆ ಹಾನಿಕಾರಕವಾದ ಸಿಎಫ್‌ಸಿ ಅನಿಲಗಳ ಬಳಕೆಯನ್ನು ಭಾರತ 2010ರ ವೇಳೆಗೆ ಕೈಬಿಟ್ಟಿತು. ಅದರ ಬದಲಿಗೆ ಕಾರುಗಳಿಗೆ ಬಂದ ಆರ್-134ಎ ಓಜೋನ್‌ಗೆ ಹಾನಿ ಮಾಡದಿದ್ದರೂ 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ 1,430 ಪಟ್ಟು ಹೆಚ್ಚು ತಾಪ ಹಿಡಿಯುತ್ತದೆ. ಕಾರಿನ ಎಸಿಯಲ್ಲಿರುವುದು ಅರ್ಧ ಕಿಲೋ ಆಸುಪಾಸು. ಅದನ್ನು ಗಾಳಿಗೆ ಬಿಟ್ಟರೆ 700 ಕಿಲೋ ಇಂಗಾಲದ ಡೈ ಆಕ್ಸೈಡ್ ಬಿಟ್ಟಂತೆ. ಭಾರತ 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿದ್ದು, ಇಂಥ ಅನಿಲಗಳ ಇಳಿಕೆ 2032ರಿಂದ ಆರಂಭವಾಗಬೇಕಿದೆ. ಅನಿಲವನ್ನು ಯಂತ್ರದಿಂದ ಹಿಂಪಡೆದು ಮರುಬಳಸುವ ಕ್ರಮವನ್ನು ಮೆಕ್ಯಾನಿಕ್‌ಗಳು ಈಗಲೇ ಕಲಿಯಬೇಕು.

2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಈ ವಾಹನಗಳ ರಿಪೇರಿಯಲ್ಲಿ ಎಣ್ಣೆಯ ಅಪಾಯ ಕಡಿಮೆ, ವಿದ್ಯುತ್ತಿನ ಅಪಾಯ ಹೆಚ್ಚು. ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಹರಿಯುವುದು ಪ್ರಾಣಾಪಾಯದ ಮಟ್ಟದ ವೋಲ್ಟೇಜ್. ಸಂಪರ್ಕ ತಪ್ಪಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ಪರೀಕ್ಷಿಸಿದ ನಂತರವೇ ಇನ್ಸುಲೇಟೆಡ್ ಕೈಗವಸು ಧರಿಸಿ ಮುಟ್ಟಬೇಕು. ನೋಡಿ ನೋಡಿ ಕಲಿಯುವ ವಿದ್ಯೆ ಇಲ್ಲಿ ಸಾಲದು; ಮೊದಲ ತಪ್ಪೇ ಕೊನೆಯದಾಗಬಹುದು.

ತರಬೇತಿಯ ದಾರಿಗಳು

ಔಪಚಾರಿಕ ದಾರಿ ಐಟಿಐ. ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷಗಳ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸಿನ ಪಠ್ಯದಲ್ಲಿ ಬೆಂಕಿ ನಂದಿಸುವ ವಿಧಾನ, ಚೆಲ್ಲಿದ ಇಂಧನದ ನಿರ್ವಹಣೆ, ಬಳಸಿದ ಎಣ್ಣೆ ಹಾಗೂ ವಿಷಕಾರಿ ಧೂಳಿನ ವಿಲೇವಾರಿ ಆರಂಭದಲ್ಲೇ ಬರುತ್ತವೆ. ವಿದ್ಯುತ್ ವಾಹನ ಮೆಕ್ಯಾನಿಕ್ ಎಂಬ ಪ್ರತ್ಯೇಕ ಟ್ರೇಡ್ ಕೂಡ ಬಂದಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದ ಯೋಜನೆಯನ್ನು 2022ರಲ್ಲಿ ಉದ್ಘಾಟಿಸಲಾಯಿತು. ಬಿಡದಿಯಲ್ಲಿ ಟೊಯೊಟಾ ಸಂಸ್ಥೆಯ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ನಡೆಯುತ್ತಿದೆ.

ಮತ್ತೊಂದು ದಾರಿ, ಮೇಸ್ತ್ರಿಯ ಕೈಕೆಳಗೆ ಸೇರಿ ಕಲಿಯುವುದು. ಕಿವಿಯಿಂದಲೇ ಎಂಜಿನ್ ದೋಷ ಹಿಡಿಯುವ ಚತುರರು ಈ ಪರಂಪರೆಯಿಂದ ಬಂದಿದ್ದಾರೆ. ಆದರೆ ಮೇಸ್ತ್ರಿ ತಾನೇ ಕನ್ನಡಕ ಧರಿಸದಿದ್ದರೆ ಶಿಷ್ಯನೂ ಧರಿಸುವುದಿಲ್ಲ. ವಿದ್ಯೆಯಂತೆಯೇ ಅಪಾಯವೂ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಇಂಥವರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಇದ್ದು, ವಾಹನ ಕ್ಷೇತ್ರದ ಕೌಶಲ ಮಾನದಂಡಗಳನ್ನು ಆಟೋಮೋಟಿವ್ ಕೌಶಲ ಅಭಿವೃದ್ಧಿ ಮಂಡಳಿ ರೂಪಿಸುತ್ತದೆ.

ಬಾಲಕರ ವಿಷಯದಲ್ಲಿ ಕಾನೂನು ಸ್ಪಷ್ಟ. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.

ಸಣ್ಣ ಗ್ಯಾರೇಜು ಇಂದೇ ಮಾಡಬಹುದಾದದ್ದು

* ಕರಿ ಆಯಿಲ್‌ಗೆ ಮುಚ್ಚಳವಿರುವ ಪ್ರತ್ಯೇಕ ಡ್ರಮ್. ಅದರ ಕೆಳಗೆ ಸಿಮೆಂಟಿನ ಕಟ್ಟೆ
* ಚೆಲ್ಲಿದ ಎಣ್ಣೆಗೆ ನೀರು ಹುಯ್ಯದೆ ಮರಳು ಅಥವಾ ಮರದ ಪುಡಿ
* ಎಣ್ಣೆ ಬಟ್ಟೆಗೆ ಮುಚ್ಚಳವಿರುವ ಲೋಹದ ಡಬ್ಬ
* ಎಣ್ಣೆ, ಪೆಟ್ರೋಲ್ ಬೆಂಕಿಗೆ ಹೊಂದುವ ಫೋಮ್ ಅಥವಾ ಡ್ರೈ ಪೌಡರ್ ನಂದಕ
* ಪ್ರತಿ ಜಾಕಿಗೂ ಜೊತೆ ಸ್ಟ್ಯಾಂಡ್
* ಗ್ರೈಂಡಿಂಗ್, ಬ್ಯಾಟರಿ ಕೆಲಸಕ್ಕೆ ಕನ್ನಡಕ
* ತ್ಯಾಜ್ಯ ಯಾರಿಗೆ, ಎಂದು, ಎಷ್ಟು ಕೊಟ್ಟದ್ದು ಎಂಬ ಪುಸ್ತಕ

ನಿಯಮ ಉಲ್ಲಂಘನೆ ದುಬಾರಿಯೂ ಹೌದು. ಪರಿಸರ ಸಂರಕ್ಷಣಾ ಕಾಯ್ದೆಯಡಿ 2024ರ ಏಪ್ರಿಲ್‌ನಿಂದ ಜೈಲು ಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಮೇಲಿನ ಪಟ್ಟಿಯ ಬಹುತೇಕ ವಸ್ತುಗಳ ಒಟ್ಟು ವೆಚ್ಚ ಕನಿಷ್ಠ ದಂಡದ ಆಸುಪಾಸಿನಲ್ಲೇ ಮುಗಿಯಬಹುದು.

ಕೆಲಸಗಾರರ ಪಾಲಿಗೆ ಒಂದು ಬಾಗಿಲು ಈಚೆಗೆ ತೆರೆದಿದೆ. ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರೆ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ 2024ರಲ್ಲಿ ಜಾರಿಗೆ ಬಂದಿದ್ದು, ಚಾಲಕರ ಜೊತೆಗೆ ಗ್ಯಾರೇಜಿನ ಮೆಕ್ಯಾನಿಕ್, ಟಿಂಕರಿಂಗ್, ಪೇಂಟಿಂಗ್, ಪಂಕ್ಚರ್, ವಾಟರ್ ಸರ್ವಿಸ್ ಕೆಲಸಗಾರರೂ ಇದರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅವಘಡದ ನಂತರ ಪರಿಹಾರ ಕೊಡಿಸುವ ವ್ಯವಸ್ಥೆ ಇದು. ಅವಘಡವೇ ಆಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ, ಹತ್ತಕ್ಕಿಂತ ಕಡಿಮೆ ಜನರಿರುವ ಗ್ಯಾರೇಜಿನಲ್ಲಿ ಈಗಲೂ ಕಲಿಸುವ ಮೇಸ್ತ್ರಿಯ ಹೆಗಲ ಮೇಲೆಯೇ ಉಳಿದಿದೆ.